ಜೇವರ್ಗಿಗೆ ಒಗ್ಗಿದ ಕರಿಬಿಲ್ಲೆ

ಜೇವರ್ಗಿಯಲ್ಲಿ ನನ್ನ ಮೊದಲ ಬೆಳಿಗ್ಗೆ ಒಗೆದು ಹರವಿದ ಸೀರೆ, ನಾನು ಇನ್ನೊಂದನ್ನು ಹಿಂಡಿ ಮುಗಿಸುವಷ್ಟರಲ್ಲಿ ಒಣಗಿ ಹಪ್ಪಳದಂತಾಗಿತ್ತು. ಕುಂದಾಪುರದ ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ, ಹೊಗೆ ವಾಸನೆಯ ಲಂಗ ತೊಟ್ಟು ಶಾಲೆಗೆ ಹೋದವಳು ನಾನು. ಆ ಸೀರೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಸೀರೆಗೇ ಹೀಗೆ ಮಾಡುವ ಗಾಳಿ ನನ್ನನ್ನು ಏನು ಮಾಡೀತು ಎಂದು ಹೆದರಿಕೆಯಾಯಿತು. ಆ ವಾರವೇ ತುಟಿ ಒಡೆಯಿತು.

ಇಲ್ಲಿನ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ನಾನು ಬಂದದ್ದು ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಬಾಡಿಗೆ ಕೋಣೆ ಸಿಕ್ಕಿದ್ದು ನೀಲಮ್ಮನವರ ಮನೆಯಲ್ಲಿ. ನಮ್ಮ ಕಡೆಯ ಹೆಂಚಿನ ಮಾಡಿಗೆ ಮಳೆಯನ್ನು ಜಾರಿಸಿ ಕಳಿಸುವುದೊಂದೇ ಕೆಲಸ. ಇಲ್ಲಿಯದು ಮಾಳಿಗೆ, ಮಣ್ಣು ಹಾಕಿದ ಚಪ್ಪಟೆ ಛಾವಣಿ. ಬೇಸಿಗೆ ಬಂದರೆ ಮನೆಮಂದಿಯೆಲ್ಲ ಅದರ ಮೇಲೆಯೇ ಮಲಗುವುದು. ಕುಚ್ಚಲಕ್ಕಿ ಗಂಜಿಯವಳಿಗೆ ಕಟಕ್ಕೆನ್ನುವ ಜೋಳದ ರೊಟ್ಟಿ, ಹುಳಿಹುಳಿ ಪುಂಡಿಪಲ್ಯ. ‘ಖರೇ’ ಎಂದರೆ ನಿಜ ಎಂಬುದು ಬೇಗ ತಿಳಿಯಿತು. ‘ಬೇ’ ಮಾತ್ರ ಬೇಗ ದಕ್ಕಲಿಲ್ಲ. ನೀಲಮ್ಮ ಪಕ್ಕದ ಮನೆಯವಳನ್ನು ಬಾ ಬೇ ಎಂದು ಕೂಗಿದಾಗ ಜಗಳ ಹತ್ತಿತೆಂದು ನಾನು ಬಾಗಿಲು ಹಾಕಿಕೊಂಡಿದ್ದೆ. ಆಮೇಲೆ ನೋಡಿದರೆ ಇಬ್ಬರೂ ಒಂದೇ ತಟ್ಟೆಯಲ್ಲಿ ಶೇಂಗಾ ತಿನ್ನುತ್ತಿದ್ದಾರೆ. ಅದು ಹತ್ತಿರದ ಹೆಂಗಸರನ್ನು ಕರೆಯುವ ಸಲುಗೆ. ನನಗೆ ಅವರು ತಪ್ಪದೆ ‘ರಿ’ ಹಚ್ಚಿ ಮಾತಾಡುತ್ತಿದ್ದರು. ಮರ್ಯಾದೆಗೆ ಕೊರತೆಯಿರಲಿಲ್ಲ, ಒಂಟಿತನಕ್ಕೂ ಇರಲಿಲ್ಲ.

ನನ್ನ ಜೊತೆ ಟ್ರಂಕಿನಲ್ಲಿ ಬಂದದ್ದು ಒಂದು ಕರಿಬಿಲ್ಲೆ, ನಾಣ್ಯದಷ್ಟು ಅಗಲದ್ದು. ಊರ ಕಡೆಯ ಪ್ರಯೋಗಾಲಯದಲ್ಲಿ ಗೆಳತಿ ಸುಮಿತ್ರಾಳೂ ನಾನೂ ಕೂಡಿ ಮಾಡಿದ್ದು. ಯಿಟ್ರಿಯಂ, ಬೇರಿಯಂ, ತಾಮ್ರದ ಪುಡಿಗಳನ್ನು ಕೈ ಸೋಲುವವರೆಗೆ ಅರೆದು, ಒತ್ತಿ ಬಿಲ್ಲೆ ಮಾಡಿ, ಕುಲುಮೆಯಲ್ಲಿ ಸುಟ್ಟು, ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಬೇಕು. ಒಳಗೆ ಪರಮಾಣುಗಳು ಪದರ ಪದರವಾಗಿ ಕೂರುತ್ತವೆ. ಇದನ್ನು ದ್ರವ ಸಾರಜನಕದಲ್ಲಿ ತಣಿಸಿದರೆ ತಾಮ್ರದ ಪದರಗಳಲ್ಲಿ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ಯಾವ ತಡೆಯೂ ಇಲ್ಲದೆ ಹರಿಯುತ್ತವೆ. ಮೇಲಿಟ್ಟ ಅಯಸ್ಕಾಂತ ಗಾಳಿಯಲ್ಲಿ ತೇಲುತ್ತದೆ. ಇದರ ಶತ್ರು ತೇವ. ಅದಕ್ಕೇ ದಿನಾ ಸ್ನಾನ ಮಾಡಿ, ಕಿಟಕಿಯ ಬೆಳಕಿಗೆ ಕೂತು, ಬಿಲ್ಲೆಯನ್ನು ಎಡಗೈಯಲ್ಲಿಟ್ಟುಕೊಂಡು ಬಿಳಿ ಚುಕ್ಕೆ ಎದ್ದಿದೆಯೇ ಎಂದು ಕಣ್ಣಿಟ್ಟು ನೋಡುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ನೀಲಮ್ಮ ಅಂಗಳದ ಗದ್ದಲವನ್ನೆಲ್ಲ ಅಡಗಿಸುತ್ತಿದ್ದರು. ಎಂಥ ಸೂಕ್ಷ್ಮದ ಹೆಂಗಸು ಎಂದು ನಾನು ಮನೆಗೆ ಕಾಗದ ಬರೆದೆ.

ತರಗತಿಯಲ್ಲಿ ಇಂಥ ಆಕ್ಸೈಡುಗಳ ಪಾಠ ಬಂದಾಗ ನನಗೆ ಹುರುಪೋ ಹುರುಪು. ಗ್ಯಾಸ್ ಒಲೆಯ ಲೈಟರ್ ಒತ್ತಿ ಕಿಡಿ ಹಾರಿಸಿ, ಅದರೊಳಗಿನ ಬಿಳಿ ಪಿಂಗಾಣಿ ಚೂರನ್ನು ತೋರಿಸಿದೆ. ಹಾಳಾದ ರೇಡಿಯೋ ಬಿಚ್ಚಿ, ಅಲೆ ಹಿಡಿಯುವ ಕಪ್ಪು ಕಡ್ಡಿಯನ್ನು ತೋರಿಸಿದೆ. ಎರಡೂ ಆಕ್ಸೈಡೇ, ಒಂದರ ಗುಣ ವಿದ್ಯುತ್ತಿನದು, ಇನ್ನೊಂದರದು ಕಾಂತದ್ದು. ಮೂರನೆಯ ನನ್ನ ಬಿಲ್ಲೆಯನ್ನೂ ಕೈಯಿಂದ ಕೈಗೆ ಕೊಟ್ಟೆ. ಇದು ಅಯಸ್ಕಾಂತವನ್ನು ಖರೇನೇ ತೇಲಿಸುತ್ತದೆಯೇ ಎಂದು ಹುಡುಗಿಯರು ಕೇಳಿದರು. ಹೌದು ಎಂದೆ, ತೋರಿಸಲು ದಾರಿಯಿರಲಿಲ್ಲ. ಜೇವರ್ಗಿಯಲ್ಲಿ ದ್ರವ ಸಾರಜನಕ ಎಲ್ಲಿಂದ ಬರಬೇಕು?

ಬಂತು, ನೀಲಮ್ಮನವರ ಆಕಳಿನ ದೆಸೆಯಿಂದ. ಬೆದೆಗೆ ಬಂದಿದ್ದ ಅದನ್ನು ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುವಾಗ ನಾನೂ ಜೊತೆಗೂಡಿದೆ. ಡಾಕ್ಟರ್ ಖಾದರ್ ಸಾಹೇಬರು ಹಾಲಿನ ಕ್ಯಾನಿನಂಥ ಪಾತ್ರೆಯ ಮುಚ್ಚಳ ತೆಗೆದರು. ಒಳಗಿಂದ ಬಿಳಿ ಹೊಗೆ ಎದ್ದು, ಮೇಲೆ ಹೋಗದೆ ಕೆಳಗೆ ಸುರಿಯಿತು. ಪರದೇಶದಲ್ಲಿ ತವರಿನವರ ಮುಖ ಕಂಡ ಹಾಗಾಯಿತು. ಒಳ್ಳೆಯ ತಳಿಯ ಹೋರಿಗಳ ವೀರ್ಯವನ್ನು ಕೆಡದಂತೆ ಇಡುವುದು ಅದೇ ಸಾರಜನಕದಲ್ಲಿ. ಸ್ವಲ್ಪ ಕೊಡಿ ಎಂದು ಅಲ್ಲೇ ಕೇಳಿಬಿಟ್ಟೆ.

“ಇದು ಕಡಿಮಿ ಆದ್ರ ತಾಲೂಕಿನ ಆಕಳೆಲ್ಲ ಕಾಯಬೇಕಾಗ್ತದ್ರಿ ಮೇಡಂ,” ಎಂದರು ಸಾಹೇಬರು. ದಸರೆ ಕಳೆದು ಹೊಸ ಸಾರಜನಕದ ಗಾಡಿ ಬಂದ ದಿನ ಖಂಡಿತ ಕೊಡುತ್ತೇನೆ ಎಂದು ಮಾತು ಕೊಟ್ಟರು. ನಾನು ಅದನ್ನು ತರಗತಿಯಲ್ಲಿ ಡಂಗುರ ಸಾರಿದೆ.

ನಡುವೆ ರಜೆಗೆ ಊರಿಗೆ ಹೋದೆ. ಬಸ್ಸಿನ ಗಡಿಬಿಡಿಯಲ್ಲಿ ಬಿಲ್ಲೆಯ ಡಬ್ಬಿ ಕಿಟಕಿಯ ಗೂಡಿನಲ್ಲೇ ಉಳಿಯಿತು. ಇದ್ದರೆ ಇರಲಿ ಎಂದುಕೊಂಡೆ. ಕರಾವಳಿಯಲ್ಲಿ ಮಳೆ ಇನ್ನೂ ಹೊಯ್ಯುತ್ತಿತ್ತು. ಸುಮಿತ್ರಾಳನ್ನು ಕಾಣಲು ಹೋದರೆ ಅವಳು ಗಾಜಿನ ಜಾಡಿ ತೆರೆದಳು. ನಾವು ಮಾಡಿಟ್ಟಿದ್ದ ಉಳಿದ ಬಿಲ್ಲೆಗಳೆಲ್ಲ ಬೂಷ್ಟು ಹಿಡಿದ ಉಪ್ಪಿನಕಾಯಿಯಂತೆ ಬೆಳ್ಳಗಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಕುಲುಮೆ ಈಗ ಬೇರೆಯವರ ಕೆಲಸಕ್ಕೆ ಹೋಗಿದೆ, ಇನ್ನೊಮ್ಮೆ ಮಾಡುವಂತಿಲ್ಲ ಎಂದಳು. “ನಿನ್ನ ಹತ್ರ ಇಪ್ಪುದೊಂದೇ ಈಗ. ಅದನ್ನಾರೂ ಸಮಾ ಕಾಣ್ಕೋ ಮಾರಾಯ್ತಿ.” ನಮ್ಮಿಬ್ಬರ ಅಷ್ಟು ದಿನದ ದುಡಿಮೆ ಜೇವರ್ಗಿಯ ತೆರೆದ ಕಿಟಕಿಯಲ್ಲಿ ಕೂತಿತ್ತು. ಅಲ್ಲೂ ಮಳೆ ಜೋರಂತೆ ಎಂದು ಯಾರೋ ಹೇಳಿದ್ದೇ ತಡ, ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿದೆ.

ಬಂದು ನೋಡಿದರೆ ಗೂಡು ಖಾಲಿ. ನೀಲಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಅಷ್ಟು ಬಿಗಿದುಕೊಂಡದ್ದನ್ನು ನಾನು ಕಂಡಿರಲಿಲ್ಲ.

“ಲಿಂಗ ಬಿಟ್ಟು ಹ್ಯಾಂಗ ಊರಿಗೆ ಹೋದ್ರಿ?”

ಆಗ ಎಲ್ಲ ಅರ್ಥವಾಯಿತು. ಈ ಮನೆಯಲ್ಲಿ ಬೆಳಿಗ್ಗೆ ಮಿಂದು, ಕಪ್ಪನೆಯ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ದೃಷ್ಟಿ ಕದಲಿಸದೆ ಪೂಜೆ ಮಾಡುತ್ತಾರೆ. ನಾನೂ ದಿನಾ ಅದನ್ನೇ ಮಾಡುತ್ತಿದ್ದೇನೆಂದು ಅವರು ತಿಳಿದಿದ್ದರು. ನನ್ನ ಪೂಜೆಗೆ ಭಂಗ ಬರಬಾರದೆಂದೇ ಅಂಗಳವನ್ನು ಸುಮ್ಮನಾಗಿಸುತ್ತಿದ್ದರು. ಮೇಡಂ ಬಲು ನಿಷ್ಠಾವಂತರು ಎಂದು ಓಣಿಗೆಲ್ಲ ಹೇಳಿದ್ದರು. ನನಗೆ ನಗು ಬರಲಿಲ್ಲ. ಪೂಜೆಯೆಂದರೆ ನೀರು ಹಾಕುತ್ತಾರೆ.

“ನೀರು ಹಾಕಿದ್ರಾ ನೀಲಮ್ಮ?”

“ನಿಮ್ಮ ಲಿಂಗಕ್ಕ ನಾ ಹ್ಯಾಂಗ ನೀರು ಹಾಕ್ಲಿ? ಅದು ನಿಮಗ ಗುರು ಕೊಟ್ಟದ್ದು. ಮಳಿ ಹೊಡದೀತಂತ ಭಸ್ಮದಾಗ ಇಟ್ಟೇನಿ.”

ದೇವರ ಕೋಣೆಯಿಂದ ಒಂದು ಮುಚ್ಚಳದ ಡಬ್ಬಿ ತಂದರು. ವಿಭೂತಿ ಗಟ್ಟಿಯನ್ನು ನುಣ್ಣಗೆ ಪುಡಿ ಮಾಡಿ ತುಂಬಿದ್ದರು. ಅದರ ನಡುವೆ ನನ್ನ ಬಿಲ್ಲೆ, ಪುಡಿ ಒರೆಸಿ ನೋಡಿದರೆ ಕಪ್ಪಗೆ ಒಣಗಿಯೇ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಇದು ಲಿಂಗವಲ್ಲ, ಒಲೆಯಲ್ಲಿ ಸುಟ್ಟು ನಾನೇ ಮಾಡಿದ್ದು ಎಂದು ಬಿಡಿಸಿ ಹೇಳಿದೆ. ನೀಲಮ್ಮ ಬೇಸರ ಮಾಡಿಕೊಂಡಾರೆಂದು ಅಂಜಿದ್ದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದೇ ನಕ್ಕದ್ದು. ಓಣಿಯವರಿಗೆ ಇನ್ನು ಯಾವ ಮುಖ ತೋರಿಸಲಿ ಎನ್ನುತ್ತಲೇ ಆ ಸುದ್ದಿಯನ್ನೂ ಸಂಜೆಯೊಳಗೆ ತಾವೇ ಹಂಚಿ ಬಂದರು.

ಗಾಡಿ ಬಂದ ದಿನ ಪಶು ಆಸ್ಪತ್ರೆಯ ಅಂಗಳದಲ್ಲಿ ನನ್ನ ವಿದ್ಯಾರ್ಥಿಗಳು, ಆಕಳು ಹಿಡಿದುಕೊಂಡು ಬಂದ ರೈತರು, ಜೊತೆಗೆ ನೀಲಮ್ಮ. ತಟ್ಟೆಯಲ್ಲಿಟ್ಟ ಬಿಲ್ಲೆಯ ಮೇಲೆ ಗುಲಗಂಜಿ ಗಾತ್ರದ ಅಯಸ್ಕಾಂತವಿಟ್ಟೆ. ಖಾದರ್ ಸಾಹೇಬರು ದೇವರ ಹೆಸರು ಹೇಳಿ ಸಾರಜನಕ ಸುರಿದರು. ಬುಸುಬುಸು ಕುದಿಯಿತು, ಹೊಗೆ ಮುಚ್ಚಿತು. ಅಯಸ್ಕಾಂತ ಕದಲಲಿಲ್ಲ. ಕರಾವಳಿಯ ಆ ಬೆಳ್ಳನೆಯ ಪುಡಿ ಕಣ್ಣ ಮುಂದೆ ಬಂತು. ಕುದಿತ ಇಳಿಯಿತು. ಆಗ ಅಯಸ್ಕಾಂತ ಸ್ವಲ್ಪ ಅಲುಗಿ, ತಾನಾಗಿ ಮೇಲೆದ್ದು, ಗಾಳಿಯಲ್ಲಿ ನಿಂತಿತು. ಸಾಹೇಬರು ಔಷಧದ ಚೀಟಿಯೊಂದನ್ನು ಅದರ ಕೆಳಗೆ ತೂರಿಸಿ ಈಚೆಯಿಂದ ಆಚೆಗೆಳೆದರು. ನಾನು ಪಾಠ ಹೇಳುವವಳೆಂಬುದನ್ನೇ ಮರೆತು ಕುಣಿದೆ.

ನೀಲಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. “ಇದನ್ನ ಖರೇನೇ ನೀವೇ ಮಾಡೀರೇನ್ರಿ?”

ಗೆಳತಿಯೂ ನಾನೂ ಎಂದೆ.

“ಹಂಗಾದ್ರ ದಿನಾ ಕೈಯಾಗ ಇಟ್ಕೊಂಡು ನೋಡೂದು ಬರೋಬರಿ ಅದ.”

ಇದಾಗಿ ಕೆಲವು ವರ್ಷಗಳಾದವು. ಈಗ ಮಳೆಗಾಲದಲ್ಲಿ ಕುಂದಾಪುರಕ್ಕೆ ಹೋದರೆ ಬಂಗುಡೆ ಸಾರಿನ ಮುಂದೆ ಕೂತು ರೊಟ್ಟಿಯಿಲ್ಲವೇ ಎಂದು ಕೇಳಿ ಅಮ್ಮನಿಂದ ಬೈಸಿಕೊಳ್ಳುತ್ತೇನೆ. ಒಣಗದ ಸೀರೆ ಮುಟ್ಟಿ ಗೊಣಗುತ್ತೇನೆ. ಇಲ್ಲಿಗೆ ಬಂದರೆ ಕಡಲ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ನನ್ನದು ಹೀಗೆ ಅಲ್ಲೂ ಇಲ್ಲೂ. ಬಿಲ್ಲೆಗೆ ಮಾತ್ರ ಗೊಂದಲವಿಲ್ಲ, ಅದಕ್ಕೆ ಜೇವರ್ಗಿಯ ಒಣಹವೆಯೇ ಆಗಬೇಕು. ಸುಮಿತ್ರಾ ತಂದು ತೋರಿಸು ಎನ್ನುತ್ತಾಳೆ. ನೋಡಬೇಕೆಂದರೆ ನೀನೇ ಬಾ ಎಂದು ಬರೆದಿದ್ದೇನೆ.

ಈ ಸಲ ರಜೆಗೆ ಹೊರಟಾಗ ಡಬ್ಬಿಯನ್ನು ನೀಲಮ್ಮನವರ ಕೈಗಿತ್ತೆ. ಅವರು ಅದನ್ನು ಸೆರಗಿನೊಳಗೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ಬಂದರು.

“ಇದು ನನ್ನ ಕಡೆ ಇರ್ತದ. ನೀ ಹೋಗಿ ಲಗೂ ಬಾ ಬೇ.”

ಬಸ್ಸು ಹತ್ತಿ ಕೂತಾಗ ಕೆನ್ನೆ ಒದ್ದೆಯಾಗಿತ್ತು. ಊರು ದಾಟುವುದರೊಳಗೆ ಜೇವರ್ಗಿಯ ಗಾಳಿ ಅದನ್ನೂ ಒಣಗಿಸಿತು.