ಹರಳೆಣ್ಣೆ ಕುಡಿದ ಕಾರು

ಮೇಸ್ತ್ರಿಯವರ ನಾಲಿಗೆಯ ತುದಿ ಸದಾ ಕಪ್ಪಾಗಿರುತ್ತಿತ್ತು. ಕಾರಿನ ಅಡಿಯಲ್ಲಿ ತೊಟ್ಟಿಕ್ಕಿದ ಎಣ್ಣೆಯನ್ನು ಬೆರಳಿನಲ್ಲಿ ಬಳಿದು, ಒಂದು ಸಲ ಮೂಸಿ, ಆಮೇಲೆ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. "ಇಂಜಿನ್ದಲ್ಲ, ಬ್ರೇಕಿಂದೂ ಅಲ್ಲ. ಶಾಕಿಂದು" ಎಂದು ತೀರ್ಪು ಬರುತ್ತಿತ್ತು. "ಥೂ, ಅದೇನು ಹುಳಿಸಾರಾ ಮೇಸ್ತ್ರಿ?" ಎಂದು ನಾನು ಮುಖ ಸಿಂಡರಿಸಿದರೆ, "ನೀವು ನಾಡಿ ಇಡ್ದು ನೋಡ್ತೀರಿ ನರ್ಸವ್ವ. ಇದ್ಕೆ ನಾಡಿ ಎಲ್ಲದ, ಯೋಳಿ?" ಎನ್ನುತ್ತಿದ್ದರು.

ಅರವತ್ತರ ದಶಕದ ನಡುವೆ ನಾನು ಹನೂರಿನ ಒಂದು ಪುಟ್ಟ ಹೆರಿಗೆ ಆಸ್ಪತ್ರೆಗೆ ನರ್ಸಾಗಿ ಬಂದೆ. ನಾಲ್ಕು ಮಂಚ, ಒಂದು ಸ್ಟೌವು, ನಾನು. ಕಷ್ಟದ ಹೆರಿಗೆ ಬಂದರೆ ಕೊಳ್ಳೇಗಾಲದ ಡಾಕ್ಟರಮ್ಮನ ಬಳಿಗೆ ಸಾಗಿಸಬೇಕು. ಅದಕ್ಕೆಂದು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಇಂಗ್ಲಿಷ್ ಕಾರನ್ನು ದಾನ ಕೊಟ್ಟಿದ್ದರು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ನಿಜ. ಆದರೆ ಈ ಹಸುವಿಗೆ ಹಲ್ಲೇ ಇರಲಿಲ್ಲ. ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅದನ್ನು ಇಟ್ಟುಕೊಂಡು, ರಿಪೇರಿ ಮಾಡಿ, ಕರೆದಾಗ ಓಡಿಸುತ್ತಿದ್ದವರು ಮೇಸ್ತ್ರಿ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಕೊಯಮತ್ತೂರಿಗೇ ಹೋಗಿ ಕೆಲಸ ಕಲಿತವರು. ಸಿಟ್ಟು ಬಂದಾಗ ಮಾತ್ರ ತಮಿಳಿನಲ್ಲಿ ಬೈಯುತ್ತಿದ್ದರು, ಅದೂ ಕಾರನ್ನು.

ಆ ಕಾರಿನ ರೋಗ ಒಂದೇ. ಮುಂದಿನ ಚಕ್ರಗಳ ಬಳಿ ಮುಷ್ಟಿ ಗಾತ್ರದ ಎರಡು ಕಬ್ಬಿಣದ ಡಬ್ಬಿಗಳಿದ್ದವು. ಒಂದೊಂದರಿಂದಲೂ ಒಂದು ತೋಳು ಹೊರಟಿರುತ್ತಿತ್ತು. ಚಕ್ರ ಗುಂಡಿಗೆ ಬಿದ್ದಾಗ ತೋಳು ಮೇಲೇಳುತ್ತದೆ. ಡಬ್ಬಿಯೊಳಗಿನ ಎಣ್ಣೆ ಅದರ ರಭಸವನ್ನು ತಡೆದು ಮೆಲ್ಲಗೆ ಇಳಿಸುತ್ತದೆ. ಅದಕ್ಕೇ ಶಾಕು ಎನ್ನುತ್ತಿದ್ದರು. ತೋಳಿನ ಕಂಬಿ ತಿರುಗುವ ಕಡೆ ಎಣ್ಣೆ ಸೋರದಂತೆ ಒಂದು ಬಳೆ ಇರಬೇಕು. ಆ ಬಳೆ ಸವೆದು ಹೋಗಿತ್ತು. ಮೈಸೂರಿನ ಅಂಗಡಿಯವನು, ಈ ಕಾರಿನ ಸಾಮಾನು ಕೇಳಿಕೊಂಡು ಬಂದವರಲ್ಲಿ ನೀವೇ ಕೊನೆಯವರು ಎಂದು ನಕ್ಕು ಕಳಿಸಿದ್ದನಂತೆ. ಮೇಸ್ತ್ರಿ ಎಮ್ಮೆಯ ತೊಗಲನ್ನು ವಾರಗಟ್ಟಲೆ ಎಣ್ಣೆಯಲ್ಲಿ ನೆನೆಸಿ, ತಾವೇ ಬಳೆ ಕತ್ತರಿಸಿ ಕೂರಿಸುತ್ತಿದ್ದರು. ಒಳಗೆ ತುಂಬಲು ಕೊಳ್ಳೇಗಾಲದ ಗಾಣದಿಂದ ಹರಳೆಣ್ಣೆ. ಅದು ಕೊಯಮತ್ತೂರಿನ ಗುರು ಹೇಳಿಕೊಟ್ಟ ಉಪಾಯ.

"ಎಣ್ಣೆ ಇದ್ರೆ ಗುಂಡಿ ಏಟು ಕಾರ್ಗೆ, ಇಲ್ದಿದ್ರೆ ಒಳ್ಗೆ ಮಲ್ಗಿರೋಳ್ಗೆ" ಎಂದು ಅವರು ಹೇಳುತ್ತಿದ್ದರು. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಬಸುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವಳು ನಾನೇ ತಾನೇ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ನಮ್ಮ ಕಡೆ ಹೆರಿಗೆ ಮಾಡಿಸಿದವಳಿಗೆ ಬಾಣಂತಿಯ ಮನೆಯವರು ಒಂದು ಬಾಟಲಿ ಹರಳೆಣ್ಣೆ ಕೊಡುವುದು ವಾಡಿಕೆ. ಮನೆಯಲ್ಲೇ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಸಿದು, ನೀರಿನ ಪಸೆ ಹೋಗುವವರೆಗೆ ಮತ್ತೆ ಕಾಯಿಸುತ್ತಾರೆ. ಆ ಎರಡನೆಯ ಕಾಯಿಸುವಿಕೆ ಎಷ್ಟು ಹೊತ್ತು ಎಂಬುದು ಅವರವರ ಮನೆಯ ಸೌದೆಗೆ ಬಿಟ್ಟದ್ದು. ಒಮ್ಮೆ ಮುಳ್ಳೂರಿನ ಮುದುಕಿಯೊಬ್ಬಳು, ಮಗಳೂ ಮೊಮ್ಮಗನೂ ಉಳಿದ ಸಂತೋಷಕ್ಕೆ, ದೊಡ್ಡ ಬಾಟಲಿಯನ್ನೇ ಹೊತ್ತು ತಂದಳು. ಒಂಟಿ ಹೆಂಗಸು ನಾನು, ಅಷ್ಟು ಎಣ್ಣೆ ಏನು ಮಾಡಲಿ? "ನಿನ್ನ ಮಗಳನ್ನು ಉಳಿಸಿದ್ದು ಆ ಕಾರು. ಅದಕ್ಕೇ ಕೊಡು" ಎಂದು ಶೆಡ್ಡಿಗೆ ಕರೆದುಕೊಂಡು ಹೋದೆ.

ಮೇಸ್ತ್ರಿ ಒಂದು ತೊಟ್ಟನ್ನು ನಾಲಿಗೆಗೆ ಹಚ್ಚಿಕೊಂಡು ಸ್ವಲ್ಪ ಅನುಮಾನಿಸಿದರು. "ಮನೇಲ್ ಕಾಯ್ಸಿದ್ದಾ? ಗಾಣದ್ದೇ ಆಗ್ಬೇಕು ಕಣವ್ವ" ಎಂದರು.

"ಕೂಸಿನ ನೆತ್ತಿಗೆ ಆಗೋದು ನಿಮ್ಮ ಕಬ್ಬಿಣಕ್ಕೆ ಆಗಲ್ವಾ?" ಎಂದೆ ನಾನು. ಮುದುಕಿಯ ಮುಖ ಚಿಕ್ಕದಾಗಿತ್ತು. ಅದನ್ನು ನೋಡಿ ಅವರು ನಕ್ಕು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಕೂಸು ಉಳಿದರೆ ಕಾರಿಗೆ ಎಣ್ಣೆ. ಕೆಲವರು ಬಾನೆಟ್ಟಿಗೆ ಕುಂಕುಮ ಇಟ್ಟು ಕೈಮುಗಿದೂ ಹೋಗುತ್ತಿದ್ದರು. ನನಗೆ ಹೆಮ್ಮೆ, ನೋಡಿ ಎಂಥ ಏರ್ಪಾಟು ಮಾಡಿದೆ ಎಂದು. ಸೋರಿಕೆ ಮಾತ್ರ ಹೆಚ್ಚುತ್ತಾ ಹೋಯಿತು. ಮೊದಲು ಮೂರು ತಿಂಗಳು ಬಾಳುತ್ತಿದ್ದ ತೊಗಲಿನ ಬಳೆ ತಿಂಗಳಿಗೆ ಬಂತು, ಆಮೇಲೆ ವಾರಕ್ಕೆ. ಮೇಸ್ತ್ರಿ ತೊಗಲನ್ನು ಬೈದರು, ರಸ್ತೆಯನ್ನು ಬೈದರು.

ಒಮ್ಮೆ ಲೊಕ್ಕನಹಳ್ಳಿಯ ಹೆಂಗಸೊಬ್ಬಳಿಗೆ ರಾತ್ರಿ ಮನೆಯಲ್ಲೇ ಹೆರಿಗೆಯಾಗಿ, ಮಾಸು ಅರ್ಧ ಒಳಗೇ ಉಳಿದಿತ್ತು. ನಾವು ಹೋಗಿ ಕಾರಿಗೆ ಹಾಕಿಕೊಂಡಾಗ ಬೆಳಗಿನ ಹತ್ತು ಗಂಟೆ. ಅವಳ ಹೊಟ್ಟೆಯನ್ನು ಕೆಳಗೆ ಒತ್ತಿ ಹಿಡಿದರೆ ರಕ್ತ ಹಿಡಿತಕ್ಕೆ ಬರುತ್ತಿತ್ತು. ಕೊಳ್ಳೇಗಾಲದವರೆಗೆ ಹಾಗೆಯೇ ಹಿಡಿದಿದ್ದರೆ ಸಾಕಿತ್ತು. ಹನೂರು ದಾಟಿದ ಮೇಲೆ ಬಲಗಡೆಯ ಶಾಕು ಪೂರ್ತಿ ಬರಿದಾಯಿತು. ಕಾರಿನ ಮುಂಭಾಗ ಕುಣಿಯತೊಡಗಿತು. ಪ್ರತಿ ಗುಂಡಿಗೂ ನನ್ನ ಕೈ ಜಾರುತ್ತಿತ್ತು, ಜಾರಿದಾಗಲೆಲ್ಲ ಬಿಸಿ ರಕ್ತ ಸೀಟಿನ ಮೇಲೆ ಹರಿಯುತ್ತಿತ್ತು. ಮೇಸ್ತ್ರಿ ಎರಡು ಸಲ ಇಳಿದು ಎಣ್ಣೆ ಸುರಿದರು. ಸುರಿದಷ್ಟೂ ಮಣ್ಣಿಗೆ ಹೋಯಿತು.

"ಅವ್ವ, ವಸಿ ಮೆಲ್ಗೆ ಓಗಕ್ಕೇಳಿ" ಎಂದಳು ಅವಳು. ಅದೇ ಕೊನೆಯ ಮಾತು. ಕೊಳ್ಳೇಗಾಲ ಇನ್ನೂ ಎರಡು ಮೈಲಿ ಇದ್ದಾಗ ಒತ್ತಿ ಹಿಡಿಯುವ ಅಗತ್ಯ ಉಳಿಯಲಿಲ್ಲ. ಕಾರು ಸರಿ ಇದ್ದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಎಂದರು ಡಾಕ್ಟರಮ್ಮ. ನನಗೆ ಆ ಸಮಾಧಾನ ಬೇಕಿರಲಿಲ್ಲ.

ಮರುದಿನ ಶೆಡ್ಡಿಗೆ ಹೋದೆ. ಮೇಸ್ತ್ರಿ ಶಾಕನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡೊಡನೆ ಅದರ ಮೇಲೆ ಬಟ್ಟೆ ಹೊದಿಸಿದರು. ಅವರ ನಾಲಿಗೆಯ ತುದಿ ಅಂದು ಕೆಂಪಾಗಿತ್ತು. ಒಂದು ಜೀವ ತೆಗೆದು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. "ನಿಮ್ಮ ಒಂದು ಚೂರು ತೊಗಲಿಗೆ ಎರಡು ದಿನದ ಕೂಸು ತಬ್ಬಲಿ ಆಯ್ತು! ಕೈಲಾಗದಿದ್ದರೆ ಸ್ಪಾನರ್ ಕೆಳಗಿಡಿ!"

ಅವರು ತಲೆ ಎತ್ತಲಿಲ್ಲ. "ಊಂ ಕಣವ್ವ. ತೊಗ್ಲು ನಂದೇ, ತಪ್ಪೂ ನಂದೇ" ಎಂದರು.

ಆಮೇಲೆ ಐದಾರು ವರ್ಷ ಆ ಕಾರು ಓಡಿತು, ಅದನ್ನು ಓಡುವುದು ಎನ್ನುವುದಾದರೆ. ಮೇಸ್ತ್ರಿ ಬಸ್ಸಿನ ಡ್ರೈವರುಗಳ ಹಿಂದೆ ಬಿದ್ದು ಅಷ್ಟಿಷ್ಟು ಬೇರೆ ಎಣ್ಣೆಯನ್ನೂ ತರುತ್ತಿದ್ದರು. ನಾನು ಕಳಿಸಿದ್ದು ಸಾಲದೇನೋ ಎಂದುಕೊಂಡೆ. ಕಂಬಿಗೆ ನೂಲು ಸುತ್ತಿದರು, ಮೇಣ ಮೆತ್ತಿದರು, ಜೋಡಿ ಬಳೆ ಕೂರಿಸಿದರು. ಯಾವುದೂ ನಿಲ್ಲಲಿಲ್ಲ. "ಇದು ನಿಲ್ಲಕಿಲ್ಲ ನರ್ಸವ್ವ, ನಂಗೊತ್ತು" ಎನ್ನುತ್ತಲೇ ಮತ್ತೆ ಬಿಚ್ಚುತ್ತಿದ್ದರು. ಗುಂಡಿ ಬಂದಲ್ಲೆಲ್ಲ ಎತ್ತಿನ ಗಾಡಿಗಿಂತ ನಿಧಾನಕ್ಕೆ ಇಳಿಸುತ್ತಿದ್ದರು. ಕೆಲವರನ್ನು ಉಳಿಸಿಕೊಂಡೆವು, ಕೆಲವರನ್ನು ಇಲ್ಲ. ನಾನು ಬಾಟಲಿ ಕಳಿಸುವುದನ್ನು ಬಿಡಲಿಲ್ಲ. ಅವರು ಎರಡೂ ಕೈ ಚಾಚಿ ತೆಗೆದುಕೊಳ್ಳುವುದನ್ನೂ ಬಿಡಲಿಲ್ಲ. ನಮ್ಮಿಬ್ಬರ ನಡುವೆ ಮಾತು ಮಾತ್ರ ಕೆಲಸಕ್ಕೆ ಬೇಕಾದಷ್ಟೇ. ಹುಳಿಸಾರಿನ ತಮಾಷೆಯನ್ನು ನಾನು ಮತ್ತೆ ಮಾಡಲಿಲ್ಲ.

ಎಪ್ಪತ್ತರ ದಶಕದಲ್ಲಿ ಎದೆಯ ರೋಗ ಅವರನ್ನು ತೆಗೆದುಕೊಂಡು ಹೋಯಿತು. ವಿಷಯ ತಿಳಿದು ನಾನು ಅವರ ಮನೆಗೆ ಹೋದಾಗ ಮಟ ಮಟ ಮಧ್ಯಾಹ್ನ. ಯಳಂದೂರಿನಿಂದ ಅವರ ಹೆಂಡತಿಯ ತವರಿನವರು ಇನ್ನೂ ಬಂದಿರಲಿಲ್ಲ. ತಲೆಯ ಬಳಿ ಹಚ್ಚಿಟ್ಟ ದೀಪಕ್ಕೆ ಎಣ್ಣೆ ಮುಗಿಯುತ್ತಿತ್ತು. "ಶೆಡ್ನಲ್ಲದ ತಕಳಿ ಅವ್ವ" ಎಂದರು ಅವರ ಹೆಂಡತಿ.

ಶೆಡ್ಡಿನ ಹಿಂಗೋಡೆಗೆ ಬಡಿದ ಹಲಗೆಯ ಮೇಲೆ ಬಾಟಲಿಗಳಿದ್ದವು. ಒಂದರ ಹಿಂದೆ ಒಂದು, ಧೂಳು ಕೂತು, ಬಿರಡೆ ಬಿಚ್ಚದೆ. ನಾನು ಕಳಿಸಿದವೇ. ಒಂದನ್ನು ತಂದು ದೀಪಕ್ಕೆ ಹಾಕಿದೆ. ಬತ್ತಿ ಚಟಪಟ ಎಂದು ಸಿಡಿಯಿತು. ನೀರು ಉಳಿದ ಎಣ್ಣೆ ಹಾಗೆ ಸಿಡಿಯುತ್ತದೆಂದು ಅಡುಗೆಮನೆ ಕಂಡ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ಕಾರಿನ ವಿಷಯದಲ್ಲಿ ಮಾತ್ರ ಹೊಳೆದಿರಲಿಲ್ಲ.

"ಇವನ್ನು ಯಾಕೆ ಉಪಯೋಗಿಸಲಿಲ್ಲ?" ಎಂದು ಆಕೆಯನ್ನು ಕೇಳಿದೆ.

"ಆ ಲೊಕ್ಕನಳ್ಳಿ ಎಣ್ಮಗ್ಳು ಓದ್ಮ್ಯಾಕೆ ಒಂದ್ ತೊಟ್ಟೂ ಉಯ್ನಿಲ್ಲ ಕಣವ್ವ. ನೀರದ ಇದ್ರಲ್ಲಿ, ಕಂಬಿಗೆಲ್ಲ ತುಕ್ಕಿಡ್ದು ಅದೇ ತೊಗ್ಲ ತಿಂದಾಕದ ಅಂದ್ರು. ಅಂಗಾರೆ ತಕಬ್ಯಾಡಿ ಅಂದಿ ನಾನು. ಬ್ಯಾಡ ಅಂದ್ರೆ ನರ್ಸವ್ವಂಗೆ ಗೊತ್ತಾಯ್ತದ, ಆಯಮ್ಮ ಆಮ್ಯಾಕೆ ಇನ್ನೊಂದ್ ಎರ್ಗೆಗೆ ಕೈ ಆಕಾಳಾ? ಸುಮ್ಕಿರು ಅಂದ್ರು."

ಅಂದು ಶೆಡ್ಡಿನಲ್ಲಿ ಅವರ ನಾಲಿಗೆಯ ಮೇಲೆ ಕೆಂಪಗಿದ್ದದ್ದು ತುಕ್ಕು. ಮೇಸ್ತ್ರಿ ಜನ್ಮದಲ್ಲಿ ಎಲೆ ಅಡಿಕೆ ಮುಟ್ಟಿದವರಲ್ಲ, ಅದೂ ನನಗೆ ಗೊತ್ತಿತ್ತು. ಆ ವರ್ಷಗಳಲ್ಲಿ ಎಷ್ಟೋ ಕೂಸುಗಳನ್ನು ನಡುಗದ ಕೈಯಿಂದ ಹಿಡಿದೆನಲ್ಲ, ಆ ಕೈ ಅವರು ಕೊಟ್ಟದ್ದು. ನಾನು ಬೈದದ್ದು ಊರ ಮುಂದೆ. ತಪ್ಪಾಯಿತು ಎಂದದ್ದು ಹೆಣದ ಮುಂದೆ.

ಅಂಗಡಿಯಿಂದ ಬೇರೆ ಎಣ್ಣೆ ತರಿಸುತ್ತೇವೆ ಎಂದರು ಯಾರೋ. ಬೇಡ ಎಂದೆ. ಹೆಣ ಎತ್ತುವವರೆಗೂ ಬತ್ತಿ ಸರಿಮಾಡುತ್ತ ಅಲ್ಲೇ ಕೂತಿದ್ದೆ. ದೀಪ ಮೂರು ಸಲ ಆರಿತು. ಮೂರು ಸಲವೂ ನಾನೇ ಹಚ್ಚಿದೆ.