ಖಾಲಿ ಗೋಡೆಗೆ ಕೆಂಪು ವೃತ್ತ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹದ್ದಕ್ಕ ಎಂದಿನಂತೆ ಕನ್ನಡಕ ಒರೆಸಿ, ಪೆನ್ಸಿಲ್ ಚೂಪು ಮಾಡಿ ಕುರ್ಚಿ ಎಳೆದುಕೊಂಡರು. ಮೇಜಿನ ಮೇಲೆ ಅವತ್ತು ನೋಡಬೇಕಾದ ಸಿನಿಮಾದ ಚೀಟಿ ಇರಲಿಲ್ಲ. ಅದರ ಬದಲು ಒಂದು ಕಾಗದವಿತ್ತು. ತಪಾಸಣೆಯಲ್ಲಿ ತಮ್ಮ ನಿರ್ಲಕ್ಷ್ಯದಿಂದ ಕೆಟ್ಟ ಪ್ರತಿ ಬಿಡುಗಡೆಯಾಯಿತೆಂದು ಒಪ್ಪಿ ರುಜು ಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ರುಜು ಹಾಕಿದರೆ ಈ ಕೋಣೆಯ ಕೆಲಸ ಹೋದ ಹಾಗೆ. ಅವರು ಅದನ್ನು ನಾಲ್ಕಾಗಿ ಮಡಿಸಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟರು.

ಹೊರದೇಶದ ಸಿನಿಮಾಗಳನ್ನು ಮನೆಮನೆಯ ಟಿ.ವಿ.ಗೆ ತಲುಪಿಸುವ ಈ ಕಂಪನಿಯಲ್ಲಿ ಅವರದು ಹತ್ತೊಂಬತ್ತು ವರ್ಷದ ಕೆಲಸ. ಬಿಡುಗಡೆಗೆ ಮೊದಲು ಪ್ರತಿ ಚಿತ್ರವನ್ನೂ ಕಣ್ಣಿಟ್ಟು ನೋಡಿ, ಎಲ್ಲಿ ಬಿಂಬ ಹರಿದಿದೆ, ಎಲ್ಲಿ ಧ್ವನಿ ಬಿದ್ದಿದೆ ಎಂದು ಪಟ್ಟಿ ಮಾಡುವುದು. ಅವರ ಕಣ್ಣಿಗೆ ಬೀಳದ ಕಲೆ ಇಲ್ಲವೆಂದೇ ಆ ಅಡ್ಡಹೆಸರು.

ಈ ಕಾಗದಕ್ಕೆ ಕಾರಣವಾದದ್ದು ಒಂದು ಜಪಾನಿ ದೆವ್ವದ ಸಿನಿಮಾ. ಯಾರೋ ಮನೆಯಲ್ಲಿ ತೆಗೆದ ವಿಡಿಯೋ ಎಲ್ಲೋ ಸಿಕ್ಕಿತು ಎಂಬಂತೆ ಕಟ್ಟುವ ಜಾತಿಯದು. ಇಂಥವುಗಳಲ್ಲಿ ಹರಿದ ಬಿಂಬ, ಗರಗರ ಧ್ವನಿ ಎಲ್ಲವೂ ಬೇಕೆಂದೇ ಇಟ್ಟಿದ್ದು. ಹದ್ದಕ್ಕ ಎಪ್ಪತ್ತಮೂರು ಕಡೆ ‘ಮುಟ್ಟಬೇಡಿ’ ಎಂದು ಬರೆದು ರುಜು ಹಾಕಿದ್ದರು. ಅವರ ರುಜು ಬಿದ್ದ ಮೇಲೆ ಮ್ಯಾನೇಜರು ಹೊಸದಾಗಿ ತರಿಸಿದ್ದ, ಚಿತ್ರದ ಕೊಳೆ ತೆಗೆಯುವ ಯಂತ್ರಕ್ಕೆ ಅದನ್ನು ಹಾಕಿದರು. ಪಟ್ಟಿಯನ್ನು ಯಾರೂ ಬಿಡಿಸಿ ನೋಡಲಿಲ್ಲ.

ನಲವತ್ತೊಂದನೇ ನಿಮಿಷದಲ್ಲಿ ಒಂದು ಅಡುಗೆಮನೆ. ತಾಯಿ ಪಾತ್ರೆ ತೊಳೆಯುತ್ತಾ ಮಗನ ಶೂ ಚಿಕ್ಕದಾಯಿತೆಂದು ಹೇಳುತ್ತಿದ್ದಾಳೆ. ಹಿಂದೆ, ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ ಒಂದು ಬೂದು ಕಲೆ. ನೋಡುತ್ತಾ ಹೋದರೆ ಆ ಕಲೆಗೆ ಒಂದು ಭುಜವಿದೆ. ಹನ್ನೊಂದು ಸೆಕೆಂಡು. ಸಂಗೀತವಿಲ್ಲ, ಯಾರೂ ತಿರುಗಿ ನೋಡುವುದಿಲ್ಲ, ಶೂ ಮಾತು ಮುಂದುವರಿಯುತ್ತದೆ. ಈ ಸಿನಿಮಾಗಳ ತಾಕತ್ತೆಲ್ಲ ಆ ಹನ್ನೊಂದು ಸೆಕೆಂಡಿನಲ್ಲಿದೆ ಎನ್ನುತ್ತಾರೆ ಹದ್ದಕ್ಕ. ದೆವ್ವ ನಮ್ಮನ್ನು ಹೆದರಿಸಲು ಬಂದಿಲ್ಲ, ಅದರ ಪಾಡಿಗೆ ಅದು ಆ ಮನೆಯಲ್ಲಿದೆ, ಕಂಡದ್ದು ನಮಗೊಬ್ಬರಿಗೇ.

ಹಾಗೆಂದು ಅವರು ಈ ಜಾತಿಯ ಭಕ್ತರಲ್ಲ. ಮುಖದ ಮೇಲೆ ಕೂದಲು ಇಳಿಬಿಟ್ಟ ಅದೇ ಹೆಂಗಸು ಎಷ್ಟು ಸಲ ಬರಬೇಕು ಎಂದು ಕೇಳುತ್ತಾರೆ. ಕೊನೆಯ ಇಪ್ಪತ್ತು ನಿಮಿಷ ಕ್ಯಾಮೆರಾದ ನಡುಗಾಟ ತಲೆಸುತ್ತು ಬರಿಸುತ್ತದೆ. ‘ಮಗು ಬಿದ್ರೂ ಎತ್ತಲ್ಲ, ಕೈಯಲ್ಲಿರೋ ಕ್ಯಾಮೆರಾ ಮಾತ್ರ ಬಿಡಲ್ಲ’ ಎಂಬುದು ಅವರ ಹಳೆಯ ತಕರಾರು. ಎಲ್ಲಕ್ಕಿಂತ ಸಿಟ್ಟು ಇನ್ನೊಂದರ ಮೇಲೆ. ದೆವ್ವ ಬಂದುಹೋದ ಮೇಲೆ ಚಿತ್ರ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಕೆಂಪು ವೃತ್ತ ಎಳೆದು ‘ನೋಡಿದಿರಾ?’ ಎಂದು ಚಿತ್ರ ತೆಗೆದವರೇ ಕೇಳುವ ಚಾಳಿ. ಈ ಚಿತ್ರದಲ್ಲೂ ಅದಿತ್ತು. ನೋಡುವವರ ಕಣ್ಣನ್ನು ನಂಬಿ, ಮರುಗಳಿಗೆಯೇ ಆ ನಂಬಿಕೆ ಕಿತ್ತುಕೊಂಡ ಹಾಗೆ.

ಮೊನ್ನೆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅತ್ತೆ ಅದೇ ಸಿನಿಮಾ ಹಾಕಿಕೊಂಡು ಕೂತಿದ್ದರು. ಒಳಗೆ ಬಟ್ಟೆ ಮಡಿಸುತ್ತಿದ್ದ ಸೊಸೆಯನ್ನು ಕೂಗಿದರು.

‘ಬಾರೇ ಇಲ್ಲಿ. ನಿಮ್ಮ ಕಂಪನಿಯವರು ಬರೀ ಗೋಡೆಗೆ ಬಳೆ ತೊಡಿಸಿದಾರೆ.’

ಹದ್ದಕ್ಕ ಬಂದು ನೋಡಿದರು. ಕೆಂಪು ವೃತ್ತವಿತ್ತು. ಅದರೊಳಗೆ ತೊಳೆದಿಟ್ಟಂಥ ಗೋಡೆ. ಯಂತ್ರ ಕಲೆಯನ್ನು ಕೊಳೆಯೆಂದು ಒರೆಸಿತ್ತು, ವೃತ್ತವನ್ನು ಬಿಟ್ಟಿತ್ತು. ಅತ್ತೆ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡರು. ಸೊಸೆ ಆ ದಿನ ಊಟಕ್ಕೆ ಕೂರಲಿಲ್ಲ. ಸೋಮವಾರ ಸಂಜೆಯ ಹೊತ್ತಿಗೆ ನಾನೂರು ಜನ ದೂರು ಬರೆದಿದ್ದರು.

ಕಾಗದವನ್ನು ಮೇಜಿನ ಕಾಲಡಿ ಇಟ್ಟ ಮೇಲೆ ಅವರು ನೇರ ಮ್ಯಾನೇಜರ ಕೋಣೆಗೆ ಹೋದರು. ಮೂಲ ಪ್ರತಿ ಎಲ್ಲಿ ಎಂದು ಕೇಳಿದರು. ಜಾಗ ಸಾಲದೆಂದು ಅಳಿಸಿಯಾಗಿತ್ತು. ಪಟ್ಟಿಯಲ್ಲಿ ‘ಮುಟ್ಟಬೇಡಿ’ ಎಂದು ಯಾರು ಬೇಕಾದರೂ ಆಮೇಲೆ ಬರೆಯಬಹುದು ಎಂದರು ಮ್ಯಾನೇಜರು. ಆ ಗೋಡೆಯ ಮೇಲೆ ಏನಾದರೂ ಇತ್ತೆಂದು ತೋರಿಸುವವರು ಯಾರು?

‘ಯಂತ್ರ ಕೊಳೆ ಬಿಟ್ರೆ ಬೇರೇನೂ ತೆಗೆಯಲ್ಲಮ್ಮ.’

ಹದ್ದಕ್ಕ ಅವರದೇ ಕಂಪ್ಯೂಟರಿನಲ್ಲಿ ನಲವತ್ತೆರಡನೇ ನಿಮಿಷಕ್ಕೆ ಹೋಗಿ ಚಿತ್ರ ನಿಲ್ಲಿಸಿದರು.

‘ಹಾಗಾದ್ರೆ ಈ ವೃತ್ತ ಯಾವುದನ್ನ ಸುತ್ತಿದೆ ಸಾರ್?’

ಮ್ಯಾನೇಜರು ಪರದೆ ಆರಿಸಿದರು. ವಿಚಾರಣೆ ಇಡುತ್ತೇನೆ, ಅಲ್ಲೇ ಹೇಳಿ ಎಂದರು.

ಹತ್ತೊಂಬತ್ತು ವರ್ಷ ಬೈದುಕೊಂಡು ಬಂದ ವೃತ್ತವೇ ಈಗ ತನ್ನ ಕಡೆಯ ಏಕೈಕ ಸಾಕ್ಷಿ ಎಂಬುದಕ್ಕೂ ಹದ್ದಕ್ಕನಿಗೆ ಸಿಟ್ಟಿದೆ. ಕಾಗದ ಇನ್ನೂ ಮೇಜಿನ ಕಾಲಡಿಯಲ್ಲೇ ಇದೆ.

ವಿಚಾರಣೆ ಬರುವ ಸೋಮವಾರ ಹನ್ನೊಂದು ಗಂಟೆಗೆ. ಸಭೆಯ ಕೋಣೆಯಲ್ಲಿ ಪರದೆ ಇಲ್ಲ. ಮನೆಯ ಟಿ.ವಿ.ಯನ್ನು ಗೋಡೆಯಿಂದ ಬಿಚ್ಚಿ ಗಂಡ ಹತ್ತೂವರೆಗೆ ತಂದಿಡುತ್ತಾರೆ. ಸಂಜೆ ಆರಕ್ಕೆ ಅದು ವಾಪಸ್ ಬರಬೇಕೆಂದು ಅತ್ತೆ ಹೇಳಿದ್ದಾರೆ.