ಹೆಡ್ಡಿನೊಳಗಿನ ಜಾಗ

ಬೆಟಗೇರಿಯಲ್ಲಿ ನನ್ನ ಸೋದರಮಾವನವರ ಗ್ಯಾರೇಜಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವನು ಅಲ್ಲಿ ಕೆಲಸಕ್ಕೆ ನಿಂತೆ. ಮುಂದೆ ಅವರ ಮಗಳನ್ನೇ ಮದುವೆಯಾಗಿ ಅವರ ಮನೆಯಲ್ಲೇ ಉಳಿದೆ. ಹಗಲೆಲ್ಲ ಅವರ ಪಾನಾ ಹಿಡಿದು ಬೋಲ್ಟು ಬಿಚ್ಚುವುದು, ಸಂಜೆ ಅವರ ಪಕ್ಕದಲ್ಲೇ ಊಟಕ್ಕೆ ಕೂಡುವುದು. ಗಿರಾಕಿಯ ಮುಂದೆ ನಮ್ಮ ಕೈ ತಪ್ಪಿತೆಂದು ಅನ್ನಕೂಡದು ಎಂಬುದು ಮಾವನವರ ಕಟ್ಟಪ್ಪಣೆ. ಅದನ್ನು ಮೀರಿ ಮತ್ತೆ ಅದೇ ಮನೆಯಲ್ಲಿ ತುತ್ತು ಎತ್ತುವ ಧೈರ್ಯ ನನಗಿರಲಿಲ್ಲ. ಇದನ್ನು ನೆಪಕ್ಕಾಗಿ ಹೇಳುತ್ತಿಲ್ಲ, ಇದ್ದದ್ದು ಹಾಗೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಮುಸಲ್ಮಾನ ಡ್ರೈವರನೊಬ್ಬ ತನ್ನ ಬಾಡಿಗೆ ಕಾರು ತಂದ. ರೇಡಿಯೇಟರಿನ ನೀರು ಕುದ್ದು ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ಡು, ಸೊಟ್ಟಗಾಗಿತ್ತು. ಅದರ ತಳವನ್ನು ಯಂತ್ರಕ್ಕೆ ಕೊಟ್ಟು ತುಸು ಹೆರೆಸಿ ಸಮ ಮಾಡಿಸಬೇಕಿತ್ತು. ಸಮವಾದ ಮೇಲೂ ಇನ್ನಷ್ಟು ಹೆರೆಯಲು ಹೇಳಿದವನು ನಾನು. ತಳ ಹೆರೆದಷ್ಟೂ ಹೆಡ್ಡಿನಲ್ಲಿ ಪೆಟ್ರೋಲು ಉರಿಯುವ ಗುಳಿ ಚಿಕ್ಕದಾಗಿ, ಒತ್ತಡ ಹೆಚ್ಚಿ ಗಾಡಿ ಜೋರಾಗಿ ಎಳೆಯುತ್ತದೆ ಎಂದು ಓದಿದ್ದೆ. ಆ ಒತ್ತಡ ತಾಳಲು ಹೆಚ್ಚು ಆಕ್ಟೇನಿನ, ಅಂದರೆ ಮೇಲ್ದರ್ಜೆಯ ಪೆಟ್ರೋಲು ಬೇಕು ಎಂಬುದನ್ನೂ ಓದಿದ್ದೆ. ಅಂಥದು ನಮ್ಮ ಕಡೆ ಸಿಗುತ್ತಿರಲಿಲ್ಲ. ಗುಳಿಗೆ ಎಣ್ಣೆ ತುಂಬಿ ಎಷ್ಟು ಹಿಡಿಯುತ್ತದೆಂದು ಅಳೆದಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಳೆಯಲಿಲ್ಲ.

ವಾರದೊಳಗೆ ಅವನು ತಿರುಗಿ ಬಂದ. ಏರಿನಲ್ಲಿ ಎಂಜಿನ್ನು ಕಟಕಟ ಅನ್ನುತ್ತದೆ, ಡಬ್ಬಿಯಲ್ಲಿ ಹರಳು ಹಾಕಿ ಅಲುಗಿಸಿದಂತೆ ಎಂದ. ನನಗೆ ತಕ್ಷಣ ತಿಳಿಯಿತು. ಇಕ್ಕಟ್ಟಾದ ಜಾಗದಲ್ಲಿ ಸಾದಾ ಪೆಟ್ರೋಲು ಸರಿಯಾಗಿ ಉರಿಯದೆ ಸಿಡಿಯುತ್ತಿತ್ತು. ಹೆಡ್ಡಿನ ಅಡಿಗೆ ದಪ್ಪನೆಯ ಗ್ಯಾಸ್ಕೆಟ್ ಹಾಳೆ ಹಾಕಿದರೆ ಜಾಗ ಮರಳಿ ಸಿಗುತ್ತಿತ್ತು. ಆದರೆ ಹೆಡ್ಡು ಬಿಚ್ಚಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಮಾವ, ಪೆಟ್ರೋಲು ಎಲ್ಲಿ ಹಾಕಿಸುತ್ತೀ ಎಂದು ಅವನನ್ನು ಕೇಳಿದರು. ಲಕ್ಷ್ಮೇಶ್ವರದ ಪಂಪಿನಲ್ಲಿ ಎಂದ. ಅಲ್ಲಿ ಹಾಕುವವನು ಅವನ ಒಡಹುಟ್ಟಿದ ತಮ್ಮ.

"ಅದರಾಗ ಚಿಮಣಿ ಎಣ್ಣಿ ಕೂಡಸ್ಯಾರ ನೋಡು," ಎಂದು ಮಾವ ಸೀಮೆಎಣ್ಣೆಯ ಮೇಲೆ ತಪ್ಪು ಹೊರಿಸಿದರು.

ಡ್ರೈವರ್ ನಕ್ಕ. "ಚ್ಯಾಷ್ಟಿ ಮಾಡಬ್ಯಾಡ್ರಿ ಕಾಕಾ. ನನ್ನ ತಮ್ಮ ಚಾದಾಗ ಸಕ್ಕರಿ ಹಾಕಾಕೂ ನನ್ನ ಕೇಳ್ತಾನ." ಆಮೇಲೆ ನನ್ನ ಕಡೆ ತಿರುಗಿದ. "ಮಿಸ್ತ್ರಿ, ನೀವು ಓದಿದವರ ಅದೀರಿ. ಖರೆ ಹೇಳ್ರಿ."

ಮಾವ ನನ್ನನ್ನು ನೋಡಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಹೌದರಿ, ಕಲಬೆರಕಿ ಐತಿ," ಅಂದೆ.

ಗದಗಿನಲ್ಲಿ ತುಂಬಿಸಿ ನೋಡು ಎಂದು ಮಾವ ಅವನಿಗೆ ಹೇಳಿದರು. ಅವನು ಚಹಾ ಕುಡಿಯಲು ಹೋದಾಗ ನಾನು ಕಿಡಿ ಹಾರುವ ಟೈಮಿಂಗನ್ನು ಹಿಂದಕ್ಕೆ ತಿರುಗಿಸಿ ತಡ ಮಾಡಿದೆ. ಹಾಗೆ ಮಾಡಿದರೆ ಎಳೆತ ಕುಗ್ಗುತ್ತದೆ, ಕಾವು ಏರುತ್ತದೆ, ಆದರೆ ಸದ್ದು ಅಡಗುತ್ತದೆ. ಅಡಗಿತು. ಗದಗಿನ ಪೆಟ್ರೋಲಿನಿಂದಲೇ ಸದ್ದು ನಿಂತಿತೆಂದು ಅವನು ನಂಬಿದ. ತಮ್ಮನ ಮೇಲೆ ಬರೀ ಅನುಮಾನವಾಗಿದ್ದದ್ದು ನನ್ನ ಕೈಯಿಂದ ರುಜುವಾತಾಯಿತು.

ಕೆಲವು ದಿನಗಳ ಮೇಲೆ ತಮ್ಮ ಒಂದು ಬಾಟ್ಲಿ ಪೆಟ್ರೋಲು ಹಿಡಿದು ಬಸ್ಸಿನಲ್ಲಿ ಗ್ಯಾರೇಜಿಗೆ ಬಂದ. ಅಣ್ಣ ಮನೆಯಲ್ಲಿ ಮಾತು ಬಿಟ್ಟಿದ್ದನಂತೆ, ಒಲೆ ಬೇರೆಯಾಗಿತ್ತಂತೆ. ಬಿಳಿ ಹಾಳೆಯ ಮೇಲೆ ನಾಲ್ಕು ಹನಿ ಸುರಿದ. ಚಿಮಣಿ ಎಣ್ಣೆ ಇದ್ದಿದ್ದರೆ ಜಿಡ್ಡಿನ ಕಲೆ ಉಳಿಯಬೇಕಿತ್ತು. ಹಾಳೆ ಆರಿ ಬೆಳ್ಳಗಾಯಿತು.

"ಕಲಿ ಎಲ್ಲೈತ್ರಿ?" ಎಂದು ನನ್ನನ್ನೇ ಕೇಳಿದ.

"ಬಾಟ್ಲಿ ತಂದಾಂವ ನೀನ ಅಲ್ಲೇನೋ ತಮ್ಮಾ," ಎಂದು ಮಾವ ನಕ್ಕರು.

ಅವನು ಬಾಟ್ಲಿಯ ಮುಚ್ಚಳ ಬಿಗಿದು ನನ್ನ ಹತ್ತಿರ ಬಂದ. ನೀವು ಒಂದು ಮಾತು ಹೇಳಿದರೆ ಅಣ್ಣ ಕೇಳುತ್ತಾನೆ ಎಂದು ನನಗೆ ಮೆಲ್ಲಗೆ ಹೇಳಿದ. ನಾನು ಎದುರಿಗಿದ್ದ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿದೆ. ಅವನು ಆ ಪಂಪಿನ ಕೆಲಸ ಬಿಟ್ಟು ಹೆಂಡತಿಯ ಊರು ಮುಂಡರಗಿಗೆ ಹೋದ.

ಆ ಕಾರು ಮತ್ತೆ ಮತ್ತೆ ನನ್ನ ಕೈಗೇ ಬರುತ್ತಿತ್ತು, ಕಾವಿಗೆ ವಾಲ್ವು ಸುಟ್ಟುಕೊಂಡು. ಪ್ರತಿಸಲ ಹೆಡ್ಡು ಬಿಚ್ಚುತ್ತಿದ್ದೆ. ದಪ್ಪ ಗ್ಯಾಸ್ಕೆಟ್ ಹಾಕಿ ಟೈಮಿಂಗ್ ಸರಿ ಮಾಡಿದರೆ ಗಾಡಿ ಚಂದ ಎಳೆದೀತು, ಆಗ ಇಷ್ಟು ದಿನ ಏನಾಗಿತ್ತು ಎಂದು ಅವನು ಕೇಳಿಯಾನು. ಆ ಹೆದರಿಕೆಗೆ ವಾಲ್ವು ಮಾತ್ರ ಬದಲಿಸಿ ಮುಚ್ಚಿಬಿಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ಮಾವ ತೀರಿಕೊಂಡರು. ಆಮೇಲೆ ಒಂದು ದಿನ ಲಕ್ಷ್ಮೇಶ್ವರಕ್ಕೆ ಹೋಗಿ, ಡ್ರೈವರನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಾರನ್ನು ಅವನು ಎಂದೋ ಮಾರಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಗಾಡಿ ಹೋದ್ರ ಹೋತ್ರಿ," ಅಂದ. "ಈಗ ತಮ್ಮನ ಮುಂದ ಹೋಗಿ ನೀ ಖರೆ ಇದ್ದಿ ಅಂದ್ರ, ನನ್ನ ಬಿಟ್ಟು ಮಿಸ್ತ್ರಿ ಮಾತ ಯಾಕ ನಂಬಿದಿ ಅಂತ ಕೇಳ್ತಾನ. ಅವಗ ಏನ ಹೇಳ್ಲಿ?"

ಎದ್ದು ಚಪ್ಪಲಿ ಮೆಟ್ಟಿದ. "ಬರ್ರಿ, ಮುಂಡರಗಿಗೆ ಹೋಗೂಣು. ನೀವ ಹೇಳ್ರಿ."

ಇವತ್ತು ಗ್ಯಾರೇಜಿನಲ್ಲಿ ಕೆಲಸವಿದೆ, ಸೋಮವಾರ ಬರುತ್ತೇನೆ ಎಂದೆ. ಆತ್ರಿ ಅಂದ. ಚಪ್ಪಲಿ ಬಿಡದೆ ಹಾಗೆಯೇ ಕಟ್ಟೆಯ ಮೇಲೆ ಕೂತ.

ಗದಗಿನ ಬಸ್ಸು ಶಿರಹಟ್ಟಿಯಲ್ಲಿ ಬಹಳ ಹೊತ್ತು ನಿಂತಿತು. ಇಳಿದು ಲಕ್ಷ್ಮೇಶ್ವರಕ್ಕೆ ತಿರುಗಿ ಹೋಗಲು ಬೇಕಾದಷ್ಟು ಸಮಯವಿತ್ತು. ಜನ ಹತ್ತುತ್ತಿದ್ದರು, ನಾನು ಕಿಟಕಿಯ ಪಕ್ಕ ಕೂತೇ ಇದ್ದೆ. ಆ ಸೋಮವಾರ ಹೋಗಲಿಲ್ಲ. ಮುಂದಿನ ಯಾವ ಸೋಮವಾರವೂ ಹೋಗಲಿಲ್ಲ.